ಸದಾಶಿವ ಪೇಠದ ಅಭ್ಯಾಸಿಕಾ: ನೌಕರಿ ಮಾಡುವವರಿಗೆ ಇದು ಬೇಕಾ?

ಪುಣೆಯ ಸದಾಶಿವ ಪೇಠದಲ್ಲಿ ಒಂದು ಅಭ್ಯಾಸಿಕಾಕ್ಕೆ ತಿಂಗಳಿಗೆ ಸಾವಿರದ ಚಿಲ್ಲರೆ ಕೊಟ್ಟು ಸಂಜೆ ಹೊತ್ತು ಹೋಗಿ ಓದುತ್ತಿದ್ದೇನೆ. ಇದು ಗೊತ್ತಾದ ಮೇಲೆ ಪುಣೆಯಲ್ಲಿರುವ ನಮ್ಮ ಕಡೆಯವರೇ ಸುಮಾರು ಜನ ಕೇಳಿದರು, "ಮನೇಲಿ ಟೇಬಲ್ ಇಲ್ವಾ, ಓದೋಕೂ ಬಾಡಿಗೆ ಕೊಡಬೇಕಾ?" ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ, ಹಾಗಾಗಿ ಒಂದೇ ಸಲ ಬರೆದುಬಿಡುತ್ತೇನೆ. ಜಾಗದ ಹೆಸರು ಹಾಕುತ್ತಿಲ್ಲ. ಬೈಯುವ ವಿಷಯವೂ ಇದೆ, ಅದೂ ಅಲ್ಲದೆ ಈ ಪೇಠಗಳಲ್ಲಿ ಗಲ್ಲಿಗೊಂದು ಇಂಥದ್ದೇ ಸಿಗುತ್ತದೆ, ಒಂದರ ಗುಣ ಗೊತ್ತಾದರೆ ಉಳಿದದ್ದೂ ಗೊತ್ತಾದ ಹಾಗೆ.

ಪುಣೆಗೆ ಹೊಸದಾಗಿ ಬಂದವರಿಗಾಗಿ ಎರಡು ಮಾತು. ಅಭ್ಯಾಸಿಕಾ ಅಂದರೆ ಓದುವ ಕೋಣೆ, ಅಷ್ಟೇ. ಪುಸ್ತಕ ಕೊಡುವುದಿಲ್ಲ, ಪಾಠ ಮಾಡುವುದಿಲ್ಲ. ಹಳೇ ಕಟ್ಟಡದ ಒಂದೋ ಎರಡೋ ಮಹಡಿ, ಅದರೊಳಗೆ ಸಾಲಾಗಿ ಟೇಬಲ್, ಮೂರು ಕಡೆ ಪ್ಲೈವುಡ್ ಅಡ್ಡ, ಒಂದು ಲೈಟು, ಒಂದು ಚಾರ್ಜಿಂಗ್ ಪಾಯಿಂಟು, ಒಂದು ಕುರ್ಚಿ. ಎಂಪಿಎಸ್‌ಸಿ (ನಮ್ಮ ಕೆಪಿಎಸ್‌ಸಿ ಇದ್ದ ಹಾಗೆ, ಮಹಾರಾಷ್ಟ್ರದ್ದು), ಯುಪಿಎಸ್‌ಸಿ ಅಂತ ಲಾತೂರು, ಬೀಡ್, ಸೋಲಾಪುರ, ಸಾಂಗ್ಲಿ ಕಡೆಯಿಂದ ಬರುವ ಹುಡುಗ ಹುಡುಗಿಯರಿಗಾಗಿ ಹುಟ್ಟಿಕೊಂಡ ವ್ಯವಸ್ಥೆ ಇದು. ಬಾಡಿಗೆ ರೂಮಿನಲ್ಲಿ ಮೂರು ನಾಲ್ಕು ಜನ ಇರುತ್ತಾರೆ, ಅಲ್ಲಿ ಓದಲು ಆಗುವುದಿಲ್ಲ, ಹಾಗಾಗಿ ಮಲಗುವುದು ಅಲ್ಲಿ, ಓದುವುದು ಇಲ್ಲಿ, ಊಟ ಮೆಸ್ಸಿನಲ್ಲಿ, ಪುಸ್ತಕ ಅಪ್ಪಾ ಬಳವಂತ ಚೌಕದಲ್ಲಿ. ಧಾರವಾಡದ ಸಪ್ತಾಪುರದಲ್ಲಿ ಓಡಾಡಿದವರಿಗೆ ಇದೆಲ್ಲ ಹೊಸದಲ್ಲ. 2023ರ ಶುರುವಿನಲ್ಲಿ ಎಂಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಬರವಣಿಗೆಯ ಮಾದರಿಗೆ ಬದಲಿಸುತ್ತೇವೆ ಅಂದಾಗ ಇದೇ ಹುಡುಗರು ಪುಣೆಯ ರಸ್ತೆಯಲ್ಲಿ ಧರಣಿ ಕೂತಿದ್ದರು, ಬದಲಾವಣೆ 2025ಕ್ಕೆ ಮುಂದಕ್ಕೆ ಹೋಯಿತು. ಅಂಥವರ ನಡುವೆ ಬ್ಯಾಂಕಿನ ಐಡಿ ಕಾರ್ಡ್ ನೇತುಹಾಕಿಕೊಂಡು ಬರುವ ನಾನು ಒಂದು ಥರ ಅತಿಥಿ.

ನನಗೆ ಬೇಕಾದದ್ದು ಸಿಎಐಐಬಿ. ಬ್ಯಾಂಕಿನವರಿಗೆ ವಿವರಿಸಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್ ಅಂತ 1928ರಿಂದ ಇರುವ ಸಂಸ್ಥೆ ಈ ಪರೀಕ್ಷೆ ನಡೆಸುತ್ತದೆ. ಮೊದಲು ಜೆಎಐಐಬಿ, ನಾಲ್ಕು ಪೇಪರ್. ಅದಾದ ಮೇಲೆ ಸಿಎಐಐಬಿ, ನಾಲ್ಕು ಕಡ್ಡಾಯ, ಒಂದು ನಾವೇ ಆರಿಸಿಕೊಳ್ಳುವುದು. ಒಂದೊಂದರಲ್ಲೂ 100 ಪ್ರಶ್ನೆ, ಎರಡು ಗಂಟೆ. ಪಾಸಾಗಲು 50, ಅಥವಾ ಒಂದೇ ಸಲಕ್ಕೆ ಎಲ್ಲ ಬರೆದು ಪ್ರತಿಯೊಂದರಲ್ಲೂ 45 ತೆಗೆದು ಒಟ್ಟು ಶೇಕಡಾ 50 ಆದರೂ ನಡೆಯುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಾಸಾದರೆ ಇನ್‌ಕ್ರಿಮೆಂಟ್ ಸಿಗುತ್ತದೆ, ಪ್ರಮೋಷನ್ ಇಂಟರ್‌ವ್ಯೂನಲ್ಲಿ ಹೇಳಿಕೊಳ್ಳಲು ಒಂದು ವಿಷಯ ಸಿಗುತ್ತದೆ. ಕೇಳಲು ಏನೂ ಕಷ್ಟ ಅನಿಸುವುದಿಲ್ಲ ಅಲ್ವಾ? ಆದರೆ ಯಾವ ಶಾಖೆಯಲ್ಲಿ ಬೇಕಾದರೂ ಹೋಗಿ ನೋಡಿ, ಪುಸ್ತಕ ಕೊಂಡು ಡ್ರಾಯರ್‌ನಲ್ಲಿ ಇಟ್ಟುಕೊಂಡವರು ಇಬ್ಬರಾದರೂ ಇರುತ್ತಾರೆ. ಅವರಿಗೆ ಬುದ್ಧಿ ಕಡಿಮೆ ಅಂತಲ್ಲ. ದಿನವೆಲ್ಲ ಕೌಂಟರ್, ಸಂಜೆ ದಿನದ ಲೆಕ್ಕ ಮುಗಿಸುವ ಡೇ ಎಂಡ್, ನಡುವೆ ಆಡಿಟ್ ಬಂದರೆ ಮುಗಿಯಿತು, ಮನೆಗೆ ಹೋದ ಮೇಲೆ ಪುಸ್ತಕ ತೆಗೆಯುವ ಶಕ್ತಿ ಉಳಿಯುವುದಿಲ್ಲ.

ಅಭ್ಯಾಸಿಕಾ ಕೆಲಸಕ್ಕೆ ಬರುವುದು ಇಲ್ಲೇ. ಅದು ಮಾರುವುದು ಶಾಂತಿಯನ್ನೂ ಅಲ್ಲ, ಏಸಿಯನ್ನೂ ಅಲ್ಲ. ಹೋಗಿ ಕೂರುವ ಒಂದು ಹೊತ್ತನ್ನು ಮಾರುತ್ತದೆ. ಓದುವವರಿಗೆ ಓದು ಕಷ್ಟ, ನೌಕರಿ ಮಾಡುವವರಿಗೆ ಓದುವುದಕ್ಕಿಂತ ಓದಲು ಕೂರುವುದೇ ಕಷ್ಟ. ಮನೆಯಲ್ಲಿ ನಾನು ಪುಸ್ತಕ ಹಿಡಿದು ಕೂತರೆ ಕುಕ್ಕರ್ ಎಷ್ಟು ಸೀಟಿ ಹಾಕಿತು ಅಂತ ಎಣಿಸುವ ಕೆಲಸ ನನ್ನದೇ, ಮಗನ ಪ್ರಾಜೆಕ್ಟ್‌ಗೆ ಚಾರ್ಟ್ ಪೇಪರ್ ಎಲ್ಲಿದೆ ಅಂತ ಗೊತ್ತಿರುವುದೂ ನನಗೇ. ಯಾರನ್ನೂ ದೂರುತ್ತಿಲ್ಲ, ಮನೆ ಇರುವುದೇ ಹಾಗೆ. ಅಭ್ಯಾಸಿಕಾದಲ್ಲಿ ಮಾಡಲು ಬೇರೆ ಏನೂ ಇರುವುದಿಲ್ಲ. ಮುಂದೆ ಪ್ಲೈವುಡ್, ಆಚೆ ಈಚೆ ತಲೆ ತಗ್ಗಿಸಿದವರು. ಎದ್ದು ಹೋಗಲು ನಾಚಿಕೆಯಾಗುತ್ತದೆ. ಈ ನಾಚಿಕೆಗೇ ಅರ್ಧ ದುಡ್ಡು ಅಂತ ತಿಳಿಯಿರಿ.

ಇನ್ನೊಂದು ಅರ್ಧ ದುಡ್ಡು ದಾರಿಗೆ. ನನ್ನ ಶಾಖೆ ಲಕ್ಷ್ಮಿ ರೋಡ್ ಕಡೆ, ಮನೆ ಕೋಥರೂಡದಲ್ಲಿ. ಶಾಖೆಯಿಂದ ನಡೆದುಕೊಂಡು ಬಂದರೆ ಅಭ್ಯಾಸಿಕಾ, ಅಲ್ಲಿಂದ ನದಿ ದಾಟಿ ಡೆಕ್ಕನ್‌ನಲ್ಲಿ ಮೆಟ್ರೋ ಹತ್ತಿದರೆ ಐಡಿಯಲ್ ಕಾಲೊನಿ. ಮನೆಗೆ ಹೋಗಿ ಚಹಾ ಕುಡಿದು ಮತ್ತೆ ಚಪ್ಪಲಿ ಹಾಕಿಕೊಂಡು ಹೊರಡಬೇಕು ಅಂದರೆ ಯಾರೂ ಹೊರಡುವುದಿಲ್ಲ, ನಾನಂತೂ ಇಲ್ಲ. ಆಫೀಸು ಮತ್ತು ಮನೆಯ ನಡುವೆ ಸಿಗಬೇಕು. ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಒಳ್ಳೆ ಕುರ್ಚಿ, ಹೊಸ ಏಸಿ ಅಂತ ಎರಡು ಕಿಲೋಮೀಟರ್ ಆಚೆಯದ್ದಕ್ಕೆ ದುಡ್ಡು ಕಟ್ಟಿದರೆ ಮೊದಲ ತಿಂಗಳಿನಲ್ಲೇ ಬಿಟ್ಟುಹೋಗುತ್ತದೆ.

ನಮ್ಮ ತಂಗಿಯ ಗಂಡ ಹಿಂಜವಡಿಯಲ್ಲಿ ಕೆಲಸ ಮಾಡುತ್ತಾರೆ, ಅಮೆಜಾನ್ ಕ್ಲೌಡ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಅನ್ನುವ ಪರೀಕ್ಷೆಗೆ ಓದುತ್ತಿದ್ದಾರೆ. 65 ಪ್ರಶ್ನೆ, 130 ನಿಮಿಷ, 1000ಕ್ಕೆ 720 ಬಂದರೆ ಪಾಸು, ಮೂರು ವರ್ಷಕ್ಕೆ ಮತ್ತೆ ನವೀಕರಿಸಬೇಕು. ಅವರಿಗೆ ಸಂಜೆ ಆಗುವುದೇ ಇಲ್ಲ. ಹಿಂಜವಡಿಯ ಟ್ರಾಫಿಕ್ ಗೊತ್ತಿದ್ದವರಿಗೆ ಕಾರಣ ಹೇಳಬೇಕಿಲ್ಲ, ಅದರ ಮೇಲೆ ರಾತ್ರಿ ಅಮೆರಿಕದವರ ಜೊತೆ ಕಾಲ್. ಅವರು ವಾಕಡ್‌ನ ಮನೆಯ ಹತ್ತಿರವೇ ಒಂದು ಅಭ್ಯಾಸಿಕಾ ಹಿಡಿದು ಬೆಳಿಗ್ಗೆ ಆರಕ್ಕೆ ಹೋಗುತ್ತಾರೆ. ಬೆಳಗಿನ ಹೊತ್ತೇ ಶ್ರೇಷ್ಠ, ನಾಲ್ಕಕ್ಕೆ ಎದ್ದವರೇ ಉದ್ಧಾರ ಆಗುವುದು ಅಂತೆಲ್ಲ ಹೇಳುವವರ ಮಾತು ನನಗೆ ಸರಿಬರುವುದಿಲ್ಲ. ಮ್ಯಾನೇಜರ್, ಮಕ್ಕಳು, ಟ್ರಾಫಿಕ್ ಯಾರೂ ಕಿತ್ತುಕೊಳ್ಳಲಾಗದ ಹೊತ್ತು ಯಾವುದೋ ಅದೇ ಒಳ್ಳೆ ಹೊತ್ತು. ಅವರಿಗದು ಬೆಳಿಗ್ಗೆ, ನನಗೆ ಸಂಜೆ.

ಇನ್ನು ಆ 21 ದಿನದ ಕಥೆ. ಇಪ್ಪತ್ತೊಂದು ದಿನ ಮಾಡಿದರೆ ರೂಢಿ ಆಗಿಬಿಡುತ್ತದೆ ಅಂತ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ವರ್ಷಕ್ಕೊಮ್ಮೆ ಬರುತ್ತದೆ, ಜನವರಿಯಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಂದದ್ದೇ ಬೇರೆ. ಒಂದು ಕೆಲಸ ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ನಡುವಿನ ಲೆಕ್ಕ 66 ದಿನ, ಆದರೆ ಒಬ್ಬರಿಗೆ 18 ಆದರೆ ಇನ್ನೊಬ್ಬರಿಗೆ 254. ಊಟದ ಜೊತೆ ನೀರು ಕುಡಿಯುವಂಥದ್ದು ಬೇಗ ಕೂರುತ್ತದೆ, ವ್ಯಾಯಾಮದಂಥದ್ದು ನಿಧಾನ. ನನಗೆ ಇದರಲ್ಲಿ ಹಿಡಿಸಿದ್ದು ಎರಡು ವಿಷಯ. ಅವರೆಲ್ಲ ಹೊಸ ಕೆಲಸವನ್ನು ದಿನಾ ನಡೆಯುವ ಬೇರೊಂದಕ್ಕೆ ಗಂಟು ಹಾಕಿದ್ದರು, ತಿಂಡಿ ಆದ ಮೇಲೆ, ಊಟ ಆದ ಮೇಲೆ ಅಂತ. ನನ್ನ ಲೆಕ್ಕದಲ್ಲಿ ಅದು ಶಾಖೆಯ ಶಟರ್ ಇಳಿದ ಮೇಲೆ. ಎರಡನೆಯದು, ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಹಾಳಾಗಿರಲಿಲ್ಲ. ಬ್ಯಾಂಕಿನವರಿಗೆ ಇದು ಬಹಳ ಮುಖ್ಯ, ಯಾಕೆಂದರೆ ಮಾರ್ಚ್ ಎಂಡಿಂಗ್‌ನಲ್ಲಿ ದಿನ ಅಲ್ಲ, ವಾರಗಳೇ ಹೋಗುತ್ತವೆ. ಸರಪಳಿ ತುಂಡಾಯಿತು ಅಂತ ಕೆಂಪು ಗುರುತು ತೋರಿಸಿ ಹೆದರಿಸುವ ಆ್ಯಪ್‌ಗಳಿವೆಯಲ್ಲ, ಅವನ್ನು ಅಳಿಸಿಹಾಕಿ. ತಿಂಗಳ ಫೀ ಕಟ್ಟಿದ ರಸೀದಿ ಅದಕ್ಕಿಂತ ಚೆನ್ನಾಗಿ ನೆನಪಿಸುತ್ತದೆ.

ಇಲ್ಲಿಯವರೆಗೆ ಹೊಗಳಿದ್ದೇನೆ. ಈಗ ಅಭ್ಯಾಸಿಕಾದ ದೊಡ್ಡ ರೋಗ.

ಅಲ್ಲಿ ಎಲ್ಲರೂ ಗಂಟೆ ಎಣಿಸುತ್ತಾರೆ. ನನ್ನ ಪಕ್ಕದ ಸೀಟಿನ ಹುಡುಗಿ ಜತ್ ತಾಲ್ಲೂಕಿನವಳು, ಸಾಂಗ್ಲಿ ಜಿಲ್ಲೆ, ಮನೆಯಲ್ಲಿ ಕನ್ನಡವೇ. ನಾನು ಫೋನಿನಲ್ಲಿ ಮಾತಾಡಿದ್ದು ಕೇಳಿಸಿಕೊಂಡು ಮೆಟ್ಟಿಲ ಹತ್ತಿರ ಬಂದು ಕೇಳಿದ ಮೊದಲ ಮಾತೇ, "ಅಕ್ಕಾರ, ದಿನಾ ಎಷ್ಟ್ ತಾಸ್ ಓದ್ತೀರಿ?" ನಾನು ಎರಡು ಅಂದೆ. "ಬರೇ ಎರಡ? ನಂದು ಹನ್ನೆರಡ ಆಗ್ತೈತ್ರಿ," ಅಂದಳು, ಪಾಪ, ಹೆಮ್ಮೆಯಿಂದ ಅಲ್ಲ, ಅದೂ ಸಾಲುತ್ತಿಲ್ಲ ಅನ್ನುವ ದನಿಯಲ್ಲಿ. ಬಾಗಿಲ ಹತ್ತಿರ ಹಾಜರಿಗೆ ಮಾತ್ರ ಬೆರಳಿಡುವ ಮಷೀನಿದೆ, ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ಎಲ್ಲ ದಾಖಲು. ತಿಂಗಳ ಕೊನೆಗೆ ಯಾರು ಜಾಸ್ತಿ ಕೂತರು ಅಂತ ಬೋರ್ಡಿನ ಮೇಲೆ ಹೆಸರು ಬರೆದು ಹಾಕುತ್ತಾರೆ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅದರಿಂದ ಆಗುವುದೇನು ಅಂದರೆ ಕೂತದ್ದೇ ಓದು ಅನ್ನುವ ಭ್ರಮೆ. ನಾಲ್ಕು ಬಣ್ಣದ ಹೈಲೈಟರ್ ಹಿಡಿದು ಅದೇ ಪುಟದ ಮೇಲೆ ಮೂರನೇ ಸಲ ಗೆರೆ ಎಳೆಯುವವರನ್ನು ದಿನಾ ನೋಡುತ್ತೇನೆ. ಇಡೀ ಪುಟ ಹಳದಿ ಆದ ಮೇಲೆ ಯಾವುದು ಮುಖ್ಯ ಅಂತ ಹೇಗೆ ಗೊತ್ತಾಗಬೇಕು?

ಮತ್ತೆ ಮತ್ತೆ ಓದಿದರೆ ಗೊತ್ತಿದೆ ಅಂತ ಅನಿಸುತ್ತದೆ, ಗೊತ್ತಿರುವುದಿಲ್ಲ. ಇದನ್ನು 2006ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವವರು ಪ್ರಯೋಗ ಮಾಡಿಯೇ ತೋರಿಸಿದರು. ಒಂದು ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು, ಕೆಲವರು ಓದಿದ ಮೇಲೆ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಎಷ್ಟೋ ಮುಂದಿದ್ದರು. ನಮ್ಮ ಪರೀಕ್ಷೆ ಇರುವುದು ಐದು ನಿಮಿಷ ಬಿಟ್ಟಲ್ಲ, ತಿಂಗಳುಗಳು ಬಿಟ್ಟು. ಹಾಗಾಗಿ ಅಭ್ಯಾಸಿಕಾದ ಎರಡು ಗಂಟೆಯಲ್ಲಿ ಮೊದಲ ಹದಿನೈದು ನಿಮಿಷ ಪುಸ್ತಕ ತೆಗೆಯದೆ, ನಿನ್ನೆ ಓದಿದ್ದನ್ನು ಖಾಲಿ ಹಾಳೆಯ ಮೇಲೆ ಬರೆಯುತ್ತೇನೆ. ಬಾಂಡಿನ ಡ್ಯುರೇಷನ್ ಅಂದರೇನು, ಬಡ್ಡಿ ದರ ಏರಿದರೆ ಬಾಂಡ್ ಬೆಲೆ ಯಾಕೆ ಇಳಿಯುತ್ತದೆ, ಲೆಕ್ಕ ಹೇಗೆ, ಹೀಗೆ. ಬರೆಯುವಾಗ ಹಿಂಸೆ ಅನಿಸುತ್ತದೆ, ಯಾಕೆಂದರೆ ಅರ್ಧ ನೆನಪಿರುವುದಿಲ್ಲ. ಆಮೇಲೆ ಪುಸ್ತಕ ತೆಗೆದರೆ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ. ಉಳಿದ ಹೊತ್ತಿನಲ್ಲಿ ಹೊಸ ಪಾಠ, ಕೊನೆಗೆ ಹತ್ತಿಪ್ಪತ್ತು ಪ್ರಶ್ನೆ. ಬಿಎಫ್‌ಎಂ (ಬ್ಯಾಂಕ್ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್) ಪೇಪರಿಗೆ ಓದುವವರಿಗೆ ಇದನ್ನು ಒತ್ತಿ ಹೇಳುತ್ತೇನೆ, ಅದರ ಲೆಕ್ಕಗಳನ್ನು ಕಣ್ಣಲ್ಲಿ ಓದಿ ಅರ್ಥ ಆಯಿತು ಅಂದುಕೊಂಡವರನ್ನು ಪರೀಕ್ಷೆ ಹಾಲ್‌ನಲ್ಲಿ ಆ ಪೇಪರ್ ಚೆನ್ನಾಗಿ ಆಟ ಆಡಿಸುತ್ತದೆ. ಈಜು ನೋಡಿ ಕಲಿತವರ ಹಾಗೆ.

ಆದರೆ ನೆನಪು ಮಾಡಿಕೊಳ್ಳುವ ಕೆಲಸದ ಅರ್ಧ ಭಾಗ ಬಾಯಿಬಿಟ್ಟು ಹೇಳುವುದರಲ್ಲಿದೆ, ಅದಕ್ಕೆ ಅಭ್ಯಾಸಿಕಾದಲ್ಲಿ ಜಾಗವೇ ಇಲ್ಲ. ಪುಣೆಯವರ ಕುಟುಕು ಮಾತಿನ ಫಲಕಗಳು ಲೋಕಪ್ರಸಿದ್ಧ, ನಮ್ಮ ಅಭ್ಯಾಸಿಕಾದಲ್ಲೂ ಇದೆ. ಮರಾಠಿಯಲ್ಲಿ, ಚಂದದ ಅಕ್ಷರದಲ್ಲಿ. ಮೊಬೈಲ್ ಸೈಲೆಂಟ್ ಇಡಿ, ಜೊತೆಗೆ ನೀವೂ ಸೈಲೆಂಟ್ ಆಗಿರಿ ಅನ್ನುವ ಅರ್ಥದ್ದು. ಮಾತಾಡಲು ಅಂತ ಒಂದು ಸಣ್ಣ ಕೋಣೆ ಇಡಬಹುದಿತ್ತು, ಇಲ್ಲ. ಹಾಗಾಗಿ ಎರಡನೇ ಮತ್ತು ನಾಲ್ಕನೇ ಶನಿವಾರ ನಾವು ಮೂರು ಜನ ಬ್ಯಾಂಕಿನವರು, ಒಬ್ಬರು ಮಂಗಳೂರು ಕಡೆಯವರು, ಒಬ್ಬರು ಬಾಗಲಕೋಟೆ, ಸಾರಸ್ ಬಾಗ್‌ನಲ್ಲಿ ಗಣಪತಿ ಗುಡಿ ಮುಂದಿನ ಹುಲ್ಲಿನ ಮೇಲೆ ಕೂತು ಒಬ್ಬರಿಗೊಬ್ಬರು ಪ್ರಶ್ನೆ ಕೇಳುತ್ತೇವೆ. 2015ರ ಸೆಪ್ಟೆಂಬರ್‌ನಿಂದ ಈ ಎರಡು ಶನಿವಾರ ಬ್ಯಾಂಕ್ ರಜೆ ಆದದ್ದು ನಮ್ಮ ಪುಣ್ಯ. ಬ್ಯಾಂಕುಗಳು ಎಷ್ಟು ಬಂಡವಾಳ ಇಟ್ಟುಕೊಳ್ಳಬೇಕು ಅನ್ನುವ ಬಾಸೆಲ್ ನಿಯಮವನ್ನು ಕನ್ನಡದಲ್ಲಿ ವಿವರಿಸಿ ನೋಡಿ, ನಿಮಗೆ ಎಷ್ಟು ಗೊತ್ತಿದೆ ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಇಂಗ್ಲಿಷ್ ವಾಕ್ಯ ಬಾಯಿಪಾಠ ಹೇಳಿ ತಪ್ಪಿಸಿಕೊಳ್ಳುವ ದಾರಿ ಅಲ್ಲಿರುವುದಿಲ್ಲ. ಅದಕ್ಕೆ ಖರ್ಚು ಭೇಲ್ ಮಾತ್ರ. ನಿಜ ಹೇಳಬೇಕೆಂದರೆ ತಿಂಗಳ ಫೀಯಷ್ಟೇ ಕೆಲಸಕ್ಕೆ ಬಂದದ್ದು ಈ ಹುಲ್ಲು.

ಹಾಗಾದರೆ ಅಭ್ಯಾಸಿಕಾ ಬಿಟ್ಟು ಬೇರೇನಿದೆ? ಕೆಫೆ ಆಗುವುದಿಲ್ಲ, ಒಂದು ಕಾಫಿಗೆ ಎರಡು ಗಂಟೆ ಕೂತರೆ ನಮಗೇ ಮುಜುಗರ, ಎಫ್‌ಸಿ ರೋಡಿನ ಹೋಟೆಲುಗಳಲ್ಲಂತೂ ಹಿಂದೆ ನಿಂತವರು ನಿಮ್ಮ ಇಡ್ಲಿ ಯಾವಾಗ ಮುಗಿಯುತ್ತದೆ ಅಂತ ನೋಡುತ್ತಿರುತ್ತಾರೆ. ಕೋವರ್ಕಿಂಗ್ ಜಾಗಗಳು ದುಬಾರಿ, ಅಲ್ಲಿ ಎಲ್ಲರೂ ಫೋನಿನಲ್ಲಿ. ಆಫೀಸಿನಲ್ಲೇ ಉಳಿದು ಓದೋಣ ಅಂದರೆ ಅದರಷ್ಟು ಅಪಾಯ ಇನ್ನೊಂದಿಲ್ಲ, ಸೀಟಿನಲ್ಲಿ ಕಂಡರೆ ಕೆಲಸ ಬರುತ್ತದೆ. ಹಳೇ ಗ್ರಂಥಾಲಯಗಳಿವೆ, ಪುಣೆ ನಗರ ವಾಚನ ಮಂದಿರ 1848ರದ್ದು, ಪುಸ್ತಕ ಬೇಕಾದವರು ಅಂಥ ಕಡೆ ಖಂಡಿತ ಸದಸ್ಯರಾಗಿ. ಆದರೆ ನಮಗೆ ಬೇಕಾದದ್ದು ಪುಸ್ತಕ ಅಲ್ಲ, ಆಫೀಸು ಬಿಟ್ಟ ಮೇಲೂ ತೆರೆದಿರುವ ಟೇಬಲ್.

ಇನ್ನು ಸಣ್ಣಪುಟ್ಟ ದೂರುಗಳು, ಅಷ್ಟೇನೂ ಸಣ್ಣವಲ್ಲ.

ಸೀಟು. ಎರಡು ಥರ ಇರುತ್ತದೆ, ಕಾಯಂ ಸೀಟು ಮತ್ತು ಖಾಲಿ ಇದ್ದಲ್ಲಿ ಕೂರುವುದು. ಎರಡನೆಯದು ಅಗ್ಗ, ಆದರೆ ನೌಕರಿಯವರಿಗೆ ಅದು ದಂಡ. ಸಂಜೆ ನಾವು ಹೋಗುವ ಹೊತ್ತಿಗೆ ಖಾಲಿ ಕುರ್ಚಿ ಮೇಲೆಲ್ಲ ಬ್ಯಾಗು, ನೀರಿನ ಬಾಟಲಿ, ಟವೆಲ್ಲು ಕೂತಿರುತ್ತವೆ, ಅವುಗಳ ಒಡೆಯರು ಕೆಳಗೆ ಅಮೃತತುಲ್ಯದಲ್ಲಿ ಚಹಾ ಕುಡಿಯುತ್ತಿರುತ್ತಾರೆ. ನೋಡಿಕೊಳ್ಳುವ ಕಾಕಾಗೆ ಹೇಳಿದರೆ, "ಥೋಡಂ ಅ್ಯಡ್ಜಸ್ಟ್ ಕರಾ, ಮ್ಯಾಡಮ್." ಇನ್ನೂರು ಮುನ್ನೂರು ಜಾಸ್ತಿ ಆದರೂ ಕಾಯಂ ಸೀಟೇ ತೆಗೆದುಕೊಳ್ಳಿ. ಹೋಗಿ ಕುರ್ಚಿ ಹುಡುಕುವ ಕೆಲಸ ಬಂದರೆ ದಣಿದ ದಿನ ಹೋಗಲು ಮನಸ್ಸೇ ಆಗುವುದಿಲ್ಲ.

ಏಸಿ ಇದೆ ಅಂತ ಬೋರ್ಡು ಹಾಕಿದ್ದಾರೆ. ಏಸಿ ಇದೆ ನಿಜ, ಹಾಕುವುದು ಮಾತ್ರ ಅವರ ಮರ್ಜಿ. ಕರೆಂಟು ಹೋದರೆ ಇನ್ವರ್ಟರ್‌ನಲ್ಲಿ ಲೈಟು, ಒಂದೆರಡು ಫ್ಯಾನು. ಏಪ್ರಿಲ್ ಮೇನಲ್ಲಿ ಆ ಪ್ಲೈವುಡ್ ಗೂಡಿನೊಳಗೆ ಕೂತು ನೋಡಿ. ಡೆಪಾಸಿಟ್ ವಾಪಸ್ ಪಡೆಯುವುದು ಒಂದು ಪ್ರತ್ಯೇಕ ಕೋರ್ಸು, ಕೊಡುವಾಗಲೇ ರಸೀದಿ ಮೇಲೆ ಬರೆಸಿಕೊಳ್ಳಿ.

ಹೆಂಗಸರಿಗೆ: ಮೊದಲು ಟಾಯ್ಲೆಟ್ ನೋಡಿ, ಆಮೇಲೆ ಮಾತು. ಸಂಕೋಚ ಪಡಬೇಡಿ, ಫೀ ಕೇಳುವ ಮೊದಲೇ ಕೇಳಿ ಹೋಗಿ ನೋಡಿ. ನಾನಿರುವ ಕಡೆ ಹುಡುಗಿಯರಿಗೆ ಬೇರೆ ಕೋಣೆ ಇದೆ, ಕ್ಯಾಮೆರಾ ಇದೆ, ಅಷ್ಟರ ಮಟ್ಟಿಗೆ ನೆಮ್ಮದಿ. ಆದರೆ ಟಾಯ್ಲೆಟ್ ಒಂದು ಮಹಡಿ ಕೆಳಗೆ, ಸಂಜೆ ಹೊತ್ತಿಗೆ ಅದರ ಸ್ಥಿತಿ ಹೇಳುವುದು ಬೇಡ. ಎಷ್ಟೋ ಹುಡುಗಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ, ದಿನಕ್ಕೆ ಹನ್ನೆರಡು ಗಂಟೆ ಕೂರುವವರು! ಇದರ ಬಗ್ಗೆ ನಾನು ಜಗಳವೇ ಆಡಿದ್ದೇನೆ, ಎರಡು ವಾರ ಸರಿ ಇತ್ತು. ರಾತ್ರಿ ವಾಪಸ್ ಹೋಗುವ ದಾರಿಯ ಬಗ್ಗೆ ಹೇಳುವುದಾದರೆ, ಪೇಠದ ಗಲ್ಲಿಗಳಲ್ಲಿ ಒಂಬತ್ತೂವರೆಗೂ ಜನ ಇರುತ್ತಾರೆ, ಮೆಸ್ಸುಗಳು ತೆರೆದಿರುತ್ತವೆ, ಇಲ್ಲಿಯವರೆಗೆ ನನಗೆ ತೊಂದರೆ ಆಗಿಲ್ಲ.

ಮೆಟ್ಟಿಲು ಮತ್ತು ಬಾಗಿಲು ನೋಡುವುದನ್ನು ಯಾರೂ ಬಿಡಬಾರದು. 2024ರ ಜುಲೈನಲ್ಲಿ ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಕೋಚಿಂಗ್ ಸೆಂಟರಿನ ನೆಲಮಾಳಿಗೆಯ ಲೈಬ್ರರಿಗೆ ಮಳೆ ನೀರು ನುಗ್ಗಿ ಯುಪಿಎಸ್‌ಸಿ ಓದುತ್ತಿದ್ದ ಮೂವರು ಸತ್ತರು. ಹಳೇ ಪೇಠದ ಕಟ್ಟಡಗಳ ಮೆಟ್ಟಿಲು ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲುವಷ್ಟು ಕಿರಿದು. ಎರಡನೇ ದಾರಿ ಇಲ್ಲದ ಜಾಗ, ನೆಲಮಾಳಿಗೆ, ಬೆರಳಿಟ್ಟರೆ ಮಾತ್ರ ತೆರೆಯುವ ಬಾಗಿಲು, ಈ ಮೂರರಲ್ಲಿ ಯಾವುದೇ ಒಂದಿದ್ದರೂ ಎಷ್ಟೇ ಅಗ್ಗ ಇರಲಿ, ಬೇಡ. ನಾನು ಮೊದಲು ನೋಡಿದ ಒಂದು ಕಡೆ ಶೂ ರ‍್ಯಾಕ್ ಇಟ್ಟು ಹಿಂದಿನ ಬಾಗಿಲನ್ನೇ ಮುಚ್ಚಿದ್ದರು. ಅಲ್ಲಿಂದಲೇ ವಾಪಸ್ ಬಂದೆ.

ಗಣಪತಿ ಹಬ್ಬ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಬ್ಬದ ಹತ್ತು ದಿನ ಅಷ್ಟೇ ಅಂದುಕೊಳ್ಳಬೇಡಿ. ಅದಕ್ಕೂ ಎಷ್ಟೋ ವಾರ ಮೊದಲೇ ನದಿ ದಂಡೆಯಲ್ಲಿ, ಮೈದಾನಗಳಲ್ಲಿ ಢೋಲ್ ತಾಷಾ ತಂಡಗಳ ತಾಲೀಮು ಶುರುವಾಗುತ್ತದೆ, ಅದೂ ಸಂಜೆಯೇ, ಅಂದರೆ ನಿಖರವಾಗಿ ನಮ್ಮ ಓದಿನ ಹೊತ್ತಿಗೆ. ಕೇಳಲು ಅದ್ಭುತ, ನಾನೇ ಎದ್ದು ಹೋಗಿ ನಿಂತು ನೋಡುತ್ತೇನೆ, ಆದರೆ ಬ್ಯಾಲೆನ್ಸ್ ಶೀಟಿನ ಪಾಠ ಅದರ ಮುಂದೆ ನಿಲ್ಲುವುದಿಲ್ಲ. ಹಬ್ಬ ಬಂದರೆ ರಸ್ತೆ ಬಂದ್. ವಿಸರ್ಜನೆಯ ಮೆರವಣಿಗೆ ಲಕ್ಷ್ಮಿ ರೋಡಿನಲ್ಲಿ ಕಸಬಾ ಗಣಪತಿ ಮುಂದಾಗಿ ಹೊರಟರೆ ಮುಗಿಯುವುದು ಮರುದಿನವೇ. ಆ ತಿಂಗಳ ಫೀಯಲ್ಲಿ ಒಂದು ರೂಪಾಯಿಯನ್ನೂ ಬಿಡುವುದಿಲ್ಲ, ಕೇಳಿ ನೋಡಿದ್ದೇನೆ. ಮೂರು ತಿಂಗಳ ಪ್ಯಾಕೇಜ್ ತೆಗೆದುಕೊಂಡರೆ ರಿಯಾಯಿತಿ ಇದೆ ಅಂತ ಆಸೆ ತೋರಿಸುತ್ತಾರೆ, ತೆಗೆದುಕೊಳ್ಳಿ, ಆದರೆ ಹಬ್ಬದ ತಿಂಗಳು ಅದರೊಳಗೆ ಬೀಳದ ಹಾಗೆ ಲೆಕ್ಕ ಹಾಕಿ. ನಮ್ಮ ಪರೀಕ್ಷೆ ವರ್ಷಕ್ಕೆ ಎರಡು ಸಲ ಬರುತ್ತದೆ, ವರ್ಷದ ಕೊನೆ ಭಾಗದ ಪರೀಕ್ಷೆಗೆ ಓದುವವರಿಗೆ ಈ ಢೋಲಿನ ತಿಂಗಳುಗಳೇ ಮುಖ್ಯ. ಆಗ ಕೋಥರೂಡ, ಕರ್ವೆ ನಗರದ ಕಡೆ ನೋಡುವುದು ವಾಸಿ. ಅಲ್ಲೂ ಗಣಪತಿ ಇದ್ದಾನೆ, ಸದ್ದು ಸ್ವಲ್ಪ ಕಡಿಮೆ.

ಯಾರಿಗೆ ಇದು ಬೇಡ? ಮನೆಯಲ್ಲಿ ಬಾಗಿಲು ಹಾಕಿಕೊಂಡು ಓದಲು ಒಂದು ಕೋಣೆ ಇದ್ದು, ಆ ಬಾಗಿಲನ್ನು ಯಾರೂ ತಟ್ಟದ ಅದೃಷ್ಟವಂತರಿಗೆ ಬೇಡ. ಇಂಗ್ಲಿಷ್ ಮಾತಾಡುವುದು, ಪ್ರೆಸೆಂಟೇಷನ್ ಮಾಡುವುದು, ಸಂದರ್ಶನಕ್ಕೆ ತಯಾರಾಗುವುದು, ಇಂಥದ್ದು ಬೇಕಾದವರಿಗೂ ಬೇಡ, ಅದಕ್ಕೆ ಬಾಯಿ ಬಿಡುವ ಜಾಗ ಬೇಕು. ಲ್ಯಾಪ್‌ಟಾಪಿನಲ್ಲಿ ಪ್ರಾಕ್ಟೀಸ್ ಮಾಡುವವರು ವೈಫೈಯನ್ನು ಸಂಜೆ ಏಳರ ಹೊತ್ತಿಗೆ ಹೋಗಿ ಪರೀಕ್ಷಿಸಿ, ಬೆಳಿಗ್ಗೆ ಹತ್ತಕ್ಕೆ ಎಲ್ಲರ ವೈಫೈಯೂ ಚೆನ್ನಾಗಿಯೇ ಇರುತ್ತದೆ. ಕೀಲಿಮಣೆ ಟಕಟಕ ಅಂದರೆ ಪಕ್ಕದವರು ಚೀಟಿ ಕಳಿಸುತ್ತಾರೆ, ನಮ್ಮ ತಂಗಿಯ ಗಂಡನಿಗೆ ಬಂದಿತ್ತು.

ಉಳಿದ ನೌಕರಿಯವರಿಗೆ, ಅದರಲ್ಲೂ ಪರೀಕ್ಷೆ ಪುಸ್ತಕ ಡ್ರಾಯರ್‌ನಲ್ಲಿರುವವರಿಗೆ, ನಾನು ಹೇಳುವುದು ಒಂದು ತಿಂಗಳು ಹಿಡಿದು ನೋಡಿ ಅಂತ. ಐದಕ್ಕೆ ಮೂರೂವರೆ ಕೊಡುತ್ತೇನೆ. ಟಾಯ್ಲೆಟ್ ಸರಿ ಮಾಡಿ, ಮಾತಾಡಲು ಒಂದು ಕೋಣೆ ಇಟ್ಟು, ಆ ಗಂಟೆ ಎಣಿಸುವ ಬೋರ್ಡು ಕಿತ್ತುಹಾಕಿದರೆ ನಾಲ್ಕೂವರೆ. ಜತ್‌ನ ಹುಡುಗಿ ಈಗ ಸಂಜೆ ಒಂದು ಗಂಟೆ ಪುಸ್ತಕ ಮುಚ್ಚಿ ಬರೆಯುತ್ತಾಳೆ, ಅವಳ ಮುಖ್ಯ ಪರೀಕ್ಷೆಗೆ ಹೇಗಿದ್ದರೂ ಬರವಣಿಗೆಯೇ ಬೇಕು. ಹನ್ನೆರಡು ತಾಸು ಮಾತ್ರ ಕಡಿಮೆ ಮಾಡಿಲ್ಲ, ನಾನು ಹೇಳುವುದನ್ನೂ ಬಿಟ್ಟಿಲ್ಲ.

ಹೋಗಿ ವಿಚಾರಿಸುವುದಾದರೆ ಭಾನುವಾರ ಬೇಡ, ಅವತ್ತು ಅರ್ಧ ಜನ ಟೆಸ್ಟ್ ಬರೆಯಲು ಹೋಗಿ ಖಾಲಿ ಕಾಣುತ್ತದೆ. ವಾರದ ನಡುವೆ, ನೀವು ನಿಜವಾಗಿ ಓದಲು ಹೋಗುವ ಹೊತ್ತಿಗೇ ಹೋಗಿ. ಒಂದು ದಿನ ಸುಮ್ನೆ ಕೂತು ನೋಡಲು ಬಿಡುತ್ತಾರೆ, ಕೇಳಬೇಕು ಅಷ್ಟೇ. ತಿಂಗಳಿನ ಮೊದಲ ವಾರ ಸೀಟು ತೆರವಾಗುತ್ತವೆ. ಕಿಟಕಿ ಪಕ್ಕದ್ದು ಕೇಳಿ, ಟಾಯ್ಲೆಟ್ ಬಾಗಿಲಿನ ಪಕ್ಕದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ ಅನ್ನಿ.